ಮಹಾಲಿಂಗೇಶ್ವರನಲ್ಲಿ ಒಂದು ಅರಿಕೆ

ಗೋಕಾಕ ಫಾಲ್ಸಿನ ದಂಡೆಯಲ್ಲಿ ನೆಲೆಸಿದ ಮಹಾಲಿಂಗೇಶ್ವರಾ, ಇವತ್ತು ನಿನ್ನ ಮುಂದೆ ದೂರದೊಂದು ಬಂದರಿನ ಸಂಗತಿ ತಂದಿದ್ದೇನೆ, ಕೇಳು.

ಇಟಲಿಯ ಬಾರಿ ಎಂಬ ಊರು, ಎರಡನೇ ಮಹಾಯುದ್ಧದ ಕಾಲ, 1943ರ ಡಿಸೆಂಬರ್ 2ರ ಸಂಜೆ. ಸರಕು ಇಳಿಸುವ ಅವಸರಕ್ಕೆ ಬಂದರಿನ ದೀಪಗಳೆಲ್ಲ ಉರಿಯುತ್ತಿದ್ದವು. ಜರ್ಮನ್ ವಿಮಾನಗಳು ಎರಗಿ ಹೋಗುವಷ್ಟರಲ್ಲಿ ಹತ್ತಾರು ಹಡಗು ಹಾಳಾದವು. ಅವುಗಳಲ್ಲೊಂದು ಅಮೆರಿಕದ ‘ಜಾನ್ ಹಾರ್ವಿ’. ಅದರ ಹೊಟ್ಟೆಯಲ್ಲಿ ಮಸ್ಟರ್ಡ್ ಗ್ಯಾಸ್ ಎಂಬ ವಿಷ ತುಂಬಿದ 2,000 ಬಾಂಬುಗಳಿದ್ದವು, ಗುಟ್ಟಾಗಿ. ಈ ಬಂದರಿನ ಸರಕನ್ನು ನಂಬಿ ಉತ್ತರದ ಸಾಂಗ್ರೋ ಹೊಳೆಯ ಕಡೆ ಕಾದುತ್ತಿದ್ದ ಸೇನೆಯಲ್ಲಿ ನಮ್ಮ ಬೆಳಗಾವಿಯಲ್ಲಿ ನೆಲೆಯಿರುವ ಮರಾಠಾ ರೆಜಿಮೆಂಟಿನವರೂ ಇದ್ದರು. ಹಾಗಾಗಿ ಇದು ಪೂರಾ ಪರರ ಕಥೆಯಲ್ಲ.

ನೀರಿಗೆ ಹಾರಿದವರ ಮೈಗೆ ಹಡಗುಗಳಿಂದ ಸೋರಿದ ಎಣ್ಣೆಯ ಜೊತೆ ಆ ವಿಷವೂ ಮೆತ್ತಿತು. ಆಸ್ಪತ್ರೆಯವರಿಗೆ ಯಾರೂ ಹೇಳಲಿಲ್ಲ. ಅವರು ಪಾಪ, ತೊಯ್ದ ಬಟ್ಟೆಯ ಮೇಲೇ ಕಂಬಳಿ ಹೊದಿಸಿದರು. ಬಟ್ಟೆ ಕಳಚಿ ಮೈ ತೊಳೆದಿದ್ದರೆ ಎಷ್ಟೋ ಜೀವ ಉಳಿಯುತ್ತಿದ್ದವು. ನಿನ್ನ ಮಗ್ಗುಲಿಗೇ ಘಟಪ್ರಭೆ ಧುಮುಕುತ್ತಾಳೆ; ಒಂದು ಕೊಡ ನೀರಿನ ಬೆಲೆ ನಿನಗೆ ಗೊತ್ತು. ಆಸ್ಪತ್ರೆ ಸೇರಿದ 600ಕ್ಕೂ ಹೆಚ್ಚು ಸೈನಿಕರು, ನಾವಿಕರಲ್ಲಿ 83 ಮಂದಿ ಆ ತಿಂಗಳೊಳಗೇ ತೀರಿದರು. ಊರ ಜನರ ಲೆಕ್ಕ ಯಾರೂ ಇಡಲಿಲ್ಲ. ತನಿಖೆಗೆ ಬಂದ ಡಾಕ್ಟರ್ ಸ್ಟೀವರ್ಟ್ ಅಲೆಕ್ಸಾಂಡರ್ ಇದು ಮಸ್ಟರ್ಡೇ ಎಂದ, ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಒಪ್ಪಲಿಲ್ಲ.

ಸತ್ತವರ ರಕ್ತದಲ್ಲಿ ಬಿಳಿ ಕಣ ಕುಸಿದಿದ್ದನ್ನೂ ಅಲೆಕ್ಸಾಂಡರ್ ಬರೆದಿಟ್ಟ. ಅದನ್ನು ಹಿಡಿದು, ಕ್ಯಾನ್ಸರಿನ ಕೀಮೋ ಮದ್ದು ಬಾರಿಯಲ್ಲೇ ಹುಟ್ಟಿತು ಎನ್ನುವವರಿದ್ದಾರೆ, ಅದು ಅರ್ಧ ಮಾತು. ಅಮೆರಿಕದ ಯೇಲ್‌ನಲ್ಲಿ 1942ರಲ್ಲೇ ಮಸ್ಟರ್ಡ್ ಗ್ಯಾಸಿನ ತಮ್ಮನಂಥ ನೈಟ್ರೋಜನ್ ಮಸ್ಟರ್ಡನ್ನು ಕ್ಯಾನ್ಸರ್ ರೋಗಿಗೆ ಕೊಟ್ಟಿದ್ದರು, ಅದೂ ಗುಟ್ಟಾಗಿಯೇ. ಬಾರಿಯ ವರದಿ ಆ ಕೆಲಸಕ್ಕೆ ಬಲ ತಂದಿತು. ಅದೇ ವಂಶದ ಸೈಕ್ಲೋಫಾಸ್ಫಮೈಡ್ ಇವತ್ತಿಗೂ ಸ್ತನ ಕ್ಯಾನ್ಸರಿಗೆ ಕೊಡುವ ಔಷಧಿ.

ಹಾಗಂತ ಅವರ ಸಾವು ಸಾರ್ಥಕವಾಯಿತು ಎಂಬ ಮಾತು ನನ್ನ ಬಾಯಿಂದ ಬಾರದಿರಲಿ, ತಂದೆ. ಅವರನ್ನು ಕೇಳಿದವರಾರು?

ಅಲ್ಲಿ ಗುಟ್ಟು ಜೀವ ತೆಗೆಯಿತು, ನಮ್ಮ ಮನೆಗಳಲ್ಲೂ ಗುಟ್ಟಿದೆ. ನಾನು ಬೇಡುವುದು ಇಷ್ಟೇ. ಹುಕ್ಕೇರಿ, ಮೂಡಲಗಿ ಕಡೆಯಿಂದ ಬೆಳಗಾವಿಗೋ ಮಿರಜಿಗೋ ಕ್ಯಾನ್ಸರಾದ ಅವ್ವನನ್ನು ಕರೆದೊಯ್ಯುವ ಮಗ, ರೋಗದ ಹೆಸರು ಹೇಳಬ್ಯಾಡ್ರಿ ಎಂದು ಡಾಕ್ಟರಿಗೆ ಕಣ್ಸನ್ನೆ ಮಾಡುತ್ತಾನೆ. ‘ಸಣ್ಣ ಗಂಟೈತಿ, ಕರಗತೈತಿ’ ಅನ್ನುತ್ತಾನೆ. ಪ್ರೀತಿಯಿಂದಲೇ ಅನ್ನುತ್ತಾನೆ, ಬೈಯಲಾರೆ. ಆದರೂ ಅವ್ವನ ಮೈಯ ಸುದ್ದಿ ಅವ್ವನಿಗೇ ಹೇಳುವ ಧೈರ್ಯ ಅವನಿಗೆ ಕೊಡು. ಮತ್ತೆ, ಕೀಮೋಗೆ ಹೋಗಿ, ಬಿಳಿ ಕಣ ಕಮ್ಮಿ ಆಗ್ಯಾವ, ಮುಂದಿನ ವಾರ ಬರ್ರಿ ಎಂದು ಹೇಳಿಸಿಕೊಂಡು ಮರಳಿದ ಅವ್ವಂದಿರಿಗೆ ಮುಂದಿನ ರಿಪೋರ್ಟ್ ನೆಟ್ಟಗೆ ಬರಲಿ.