ವರ್ಷಕ್ಕೊಂದು ಬೆಳಗಿನ ಜಾವ

ಕೊರತೆ ಇದ್ದಾಗಲೇ ಮನರಂಜನೆಗೆ ರುಚಿ ಅಂತ ಹೇಳುವವರು ನಮ್ಮಲ್ಲಿ ಬಹಳ. ವಾರಕ್ಕೊಂದು ಸಿನಿಮಾ, ಬೀದಿಗೊಂದು ರೇಡಿಯೋ ಇದ್ದ ಕಾಲವೇ ಚೆಂದವಿತ್ತು, ಈಗ ಎಲ್ಲ ಅಂಗೈಯಲ್ಲೇ ಸಿಗುತ್ತೆ, ಮಜವೇ ಇಲ್ಲ ಅನ್ನುತ್ತಾರೆ. ಈ ಮಾತು ಎಷ್ಟು ನಿಜ ಅಂತ ಉಜ್ಜಿ ನೋಡಲು ಕೋಲ್ಕತ್ತಕ್ಕಿಂತ ಒಳ್ಳೆಯ ಊರಿಲ್ಲ.

ಮಹಾಲಯ ಅಮಾವಾಸ್ಯೆ ನಮಗೆ ಹಿರಿಯರಿಗೆ ಎಡೆ ಇಡುವ ದಿನ. ಬಂಗಾಳಿಗಳಿಗೆ ಅದು ದುರ್ಗಾಪೂಜೆಯ ಬಾಗಿಲು ತೆರೆಯುವ ದಿನವೂ ಹೌದು. ಅಂದು ನಸುಕಿನ 4 ಗಂಟೆಗೆ ಆಕಾಶವಾಣಿಯಲ್ಲಿ ‘ಮಹಿಷಾಸುರಮರ್ದಿನಿ’. 1930ರ ದಶಕದ ಆರಂಭದಲ್ಲಿ ಶುರುವಾದದ್ದು. ಬಾಣೀಕುಮಾರರ ರಚನೆ, ಪಂಕಜ್ ಮಲ್ಲಿಕರ ಸಂಗೀತ, ಬೀರೇಂದ್ರಕೃಷ್ಣ ಭದ್ರರ ಚಂಡೀಪಾಠ. ಭದ್ರರು ತೀರಿಕೊಂಡಿದ್ದು 1991ರಲ್ಲಿ. ಅವರ ದನಿ ಮಾತ್ರ ವರ್ಷವರ್ಷವೂ ಬರುತ್ತಲೇ ಇದೆ. ಇನ್ನೂ ಕತ್ತಲಿರುವಾಗಲೇ ಮನೆಗಳಲ್ಲಿ ದೀಪ ಹತ್ತುತ್ತದೆ, ಒಂದೇ ದನಿ ಕಿಟಕಿಯಿಂದ ಕಿಟಕಿಗೆ ದಾಟುತ್ತದೆ.

‘ಹಸಿವು ರುಚಿ ಕಾಣದು’ ಅನ್ನುತ್ತದೆ ನಮ್ಮ ಗಾದೆ. ಹಸಿದವನು ಏನು ಹಾಕಿದರೂ ಉಣ್ಣುತ್ತಾನೆ ಅಂತ ಅರ್ಥ. ಹಾಗಿದ್ದರೆ ವರ್ಷವಿಡೀ ಕಾದವರು ಏನು ಕೇಳಿಸಿದರೂ ಒಪ್ಪಬೇಕಿತ್ತಲ್ಲ? 1976ರಲ್ಲಿ ಆಕಾಶವಾಣಿ ಹಳೆಯದನ್ನು ಬಿಟ್ಟು ಹೊಸದೊಂದನ್ನು ಪ್ರಸಾರ ಮಾಡಿತು. ಸಂಗೀತ ಹೇಮಂತ ಮುಖರ್ಜಿಯವರದ್ದು, ದನಿ ಉತ್ತಮ್ ಕುಮಾರ್‌ರದ್ದು. ನಮಗೆ ರಾಜ್‌ಕುಮಾರ್ ಹೇಗೋ ಇವರಿಗೆ ಉತ್ತಮ್ ಹಾಗೆ. ಆದರೂ ಜನ ರೇಗಿದರು, ಮರುವರ್ಷದಿಂದ ಹಳೆಯದೇ ಮರಳಿತು. ಅಂದರೆ ಅಪರೂಪಕ್ಕೆ ಬಂತು ಅನ್ನುವುದಷ್ಟರಿಂದಲೇ ಯಾವುದೂ ರುಚಿಸುವುದಿಲ್ಲ.

ಇನ್ನೊಂದು ವಿಷಯ ನೋಡಿ. ಈ ಕಾರ್ಯಕ್ರಮಕ್ಕೆ ಕೊರತೆ ಹೋಗಿ ಎಷ್ಟೋ ಕಾಲವಾಯಿತು. ಕ್ಯಾಸೆಟ್ ಬಂತು, ಸೀಡಿ ಬಂತು, ಈಗ ಯೂಟ್ಯೂಬಿನಲ್ಲಿ ಚೈತ್ರದ ನಡು ಮಧ್ಯಾಹ್ನವೂ ಕೇಳಬಹುದು. ಬೇಡ ಅನ್ನುವ ಕಾನೂನೇನೂ ಇಲ್ಲ. ಹೀಗಿದ್ದೂ ಜನ ಆ ಜಾವಕ್ಕೇ ಕಾಯುತ್ತಾರೆ. ಹಾಗಾದರೆ ಸುಖ ಇರುವುದು ಸಿಗದಿರುವುದರಲ್ಲಲ್ಲ. ಸಿಗುವುದನ್ನು ಎಲ್ಲರೂ ಒಟ್ಟಿಗೆ ಒಂದು ಹೊತ್ತಿಗೆ ಎತ್ತಿಡುವುದರಲ್ಲಿ.

ಈ ವ್ಯತ್ಯಾಸ ಮುಖ್ಯ. ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಚಿತ್ರಗಳು ಸರದಿಯಂತೆ ಬರುತ್ತಿದ್ದ 1980ರ ದಶಕದಲ್ಲಿ, ಹೊರನಾಡಿನ ಕನ್ನಡಿಗ ತನ್ನ ಭಾಷೆಯ ಸರದಿಗೆ ಕಾಯಬೇಕಿತ್ತು. ಆ ಕಾಯುವಿಕೆಗೆ ಸವಿನೆನಪಿನ ಬಣ್ಣ ಬಳಿಯುವುದು ಸುಲಭ. ಆದರೆ ಅದು ಆತ ಬೇಡಿ ಪಡೆದ ವ್ರತವಲ್ಲ, ಅವನ ಮೇಲೆ ಬಿದ್ದ ಬರ. ಉಪವಾಸ ಬೇರೆ, ಉಣ್ಣಲು ಗತಿಯಿಲ್ಲದಿರುವುದು ಬೇರೆ. ಎಲ್ಲ ಇದ್ದವನು ಇಲ್ಲದವನಿಗೆ ‘ನಿಂದೇ ಸುಖ ಕಣಯ್ಯ’ ಅಂದರೆ ಅದು ತತ್ವ ಅಲ್ಲ, ತಿರಸ್ಕಾರ.

ನಮ್ಮ ಕರಾವಳಿಗೂ ಇದು ಹೊಸ ಪಾಠವೇನಲ್ಲ. ಪತ್ತನಾಜೆ ಬಂತೆಂದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆಯ ಕಾರಣಕ್ಕೆ ಬಂದ ಬಿಡುವು ಕ್ರಮವಾಗಿ ಉಳಿಯಿತು. ಫೋನಿನಲ್ಲಿ ಎಷ್ಟು ಆಟ ಬೇಕಾದರೂ ಸಿಗುವ ಈ ಕಾಲದಲ್ಲೂ ಮಳೆಗಾಲ ಕಳೆದು ಮೇಳ ಹೊರಟಿತೆಂದರೆ ಬಯಲಿನಲ್ಲಿ ಜನ ಸೇರುತ್ತಾರೆ.

ಹೋದ ಕೊರತೆಯನ್ನು ಯಾರೂ ವಾಪಸ್ ಕರೆಯಬೇಕಿಲ್ಲ, ಅದು ಬರುವುದೂ ಬೇಡ. ಕೇಳಬಹುದಾದ್ದನ್ನು ಇವತ್ತು ಬೇಡ, ಆ ದಿನವೇ ಕೇಳೋಣ ಅಂತ ನಾಲ್ಕು ಜನ ಒಪ್ಪಿಕೊಂಡರೆ ಸಾಕು. ಅದಕ್ಕೆ ಬಡತನ ಬೇಕಿಲ್ಲ, ಬೇಕಿರುವುದು ಬರೀ ನೆರೆಹೊರೆ.