ಎಲೆ ಹಾಕದ ಪಂಕ್ತಿ

ಮೊನ್ನೆ ಜೊಯಿಡಾದಿಂದ ದಾಂಡೇಲಿಗೆ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹೆಣ್ಣುಮಗಳು ಗೆಡ್ಡೆಗೆಣಸಿನ ಚೀಲವನ್ನು ಕಾಲಬಳಿ ಇಟ್ಟುಕೊಂಡು ಕುಳಿತಿದ್ದಳು. ಕಂಡಕ್ಟರ್ ಆಧಾರ್ ಕಾರ್ಡು ನೋಡಿ ಇಬ್ಬರಿಗೂ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಿನಿಂದ ಇದು ನಮಗೆ ರೂಢಿಯಾಗಿದೆ. ಯಾವ ಊರಿಗೆ ಎಂದಷ್ಟೇ ಅವನು ಕೇಳಿದ. ಯಾವ ಅಂಗಡಿಗೆ ಎಂದು ಕೇಳಲಿಲ್ಲ.

ಮಗಳೊಡನೆ ಆಡಿದ ಹಳೆಯ ಜಗಳವೊಂದು ಆಗ ನೆನಪಾಯಿತು. 2015ರಲ್ಲಿ ಫೇಸ್‌ಬುಕ್ ಸಂಸ್ಥೆ ಒಂದು ಮೊಬೈಲ್ ಕಂಪನಿಯ ಜೊತೆ ಸೇರಿ, ಆಯ್ದ ಕೆಲವು ಜಾಲತಾಣಗಳನ್ನು ಮಾತ್ರ ಪುಕ್ಕಟೆಯಾಗಿ ತೋರಿಸುವ ಯೋಜನೆ ತಂದಿತ್ತು. ಫ್ರೀ ಬೇಸಿಕ್ಸ್ ಎಂದು ಆಮೇಲೆ ಅದಕ್ಕೆ ಹೆಸರಾಯಿತು. ಉಳಿದದ್ದನ್ನು ನೋಡಬೇಕೆಂದರೆ ದುಡ್ಡು. ಮಗಳು ಇದು ಬೇಡವೇ ಬೇಡ ಎನ್ನುತ್ತಿದ್ದಳು.

"ಹಸಿದವರಿಗೆ ಅರ್ಧ ರೊಟ್ಟಿ ಕೊಟ್ರೂ ಪುಣ್ಯ. ಹೊಟ್ಟಿ ತುಂಬಿದವರಿಗೆ ಬ್ಯಾಡ ಅನ್ನೂದು ಸಸಾರ" ಎಂದಿದ್ದೆ ನಾನು.

"ರೊಟ್ಟಿ ಅಲ್ಲವ್ವಾ ಅದು, ದಾರಿ. ಎಲ್ಲಿಗೆ ಹೋಗಬೇಕು ಅನ್ನೂದನ್ನ ದಾರಿ ಕಾಯೋ ಮನಷ್ಯಾ ಹೇಳಬಾರದು" ಎಂದಿದ್ದಳು.

2016ರ ಫೆಬ್ರುವರಿ 8ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಅವಳ ಪರವಾಗಿಯೇ ನಿಯಮ ಮಾಡಿತು. ನೋಡುವ ವಿಷಯ ಯಾವುದೆಂದು ನೋಡಿ ದರದಲ್ಲಿ ಭೇದ ಮಾಡುವಂತಿಲ್ಲ. ಮಾಡಿದರೆ ದಿನಕ್ಕೆ 50,000 ರೂಪಾಯಿಯಂತೆ, 50 ಲಕ್ಷದವರೆಗೆ ದಂಡ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ, ಕಂಪನಿಗಳು ತಮಗೆ ಬೇಕಾದ್ದನ್ನು ಬೇಗ ಬಿಟ್ಟು ಬೇಡವಾದ್ದನ್ನು ತಡೆಯುವಂತಿಲ್ಲ ಎಂಬ ತತ್ವವನ್ನೂ ಒಪ್ಪಿತು. ಇದಕ್ಕೆ ನೆಟ್ ನ್ಯೂಟ್ರಾಲಿಟಿ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಬಡಿಸುವವರು ಪಂಕ್ತಿಭೇದ ಮಾಡಬಾರದು.

ಅಂದು ನನಗೆ ಇದು ಪೂರ್ತಿ ಹಿಡಿಸಿರಲಿಲ್ಲ. ಪಕ್ಕದ ಗೆಣಸಿನ ಚೀಲ ನೋಡಿದಾಗ ಅರ್ಥವಾಯಿತು. ಈ ಬಸ್ಸು ದಾಂಡೇಲಿಯ ಒಂದೇ ಅಂಗಡಿಯ ಮುಂದೆ ಮಾತ್ರ ನಿಲ್ಲುವಂತಿದ್ದರೆ, ಇವಳ ಗೆಣಸಿಗೆ ಬೆಲೆ ಕಟ್ಟುವವನು ಆ ಅಂಗಡಿಯವನೇ ಆಗುತ್ತಿದ್ದ. ಟಿಕೆಟ್ ಪುಕ್ಕಟೆ, ನಷ್ಟ ಇವಳದು.

"ಮುಂದಿನ ಸಲ ಫೋನಿನಲ್ಲೇ ಹೇಳ್ತೇನಿ, ನಂಬರ್ ಕೊಡವಾ" ಎಂದೆ. ಅವಳು ನಕ್ಕಳು. ಅವಳ ಊರಿಗೆ ಸಿಗ್ನಲ್ಲೇ ಬರುವುದಿಲ್ಲವಂತೆ. 2020ರಲ್ಲಿ ಶಾಲೆ ಮುಚ್ಚಿದಾಗ ಮಗಳು ಗುಡ್ಡ ಹತ್ತಿ, ಮಳೆಗೆ ಪ್ಲಾಸ್ಟಿಕ್ ಹೊದ್ದುಕೊಂಡು ಪಾಠ ಕೇಳಿದಳಂತೆ.

ನನ್ನ ಬಾಯಿ ಕಟ್ಟಿತು. ಪಂಕ್ತಿಯಲ್ಲಿ ಭೇದವಿಲ್ಲ, ನಿಜ. ಎಲೆಯನ್ನೇ ಹಾಕದವರ ಗತಿ ಏನು? ಮಗಳು ಹೇಳಿದ್ದು ಸರಿ ಎಂದು ಈಗ ಒಪ್ಪುತ್ತೇನೆ. ಆದರೆ ನನ್ನ ಅರ್ಧ ರೊಟ್ಟಿಯ ಮಾತೂ ಪೂರ್ತಿ ಸುಳ್ಳಲ್ಲ. ಹಸಿವು ಇನ್ನೂ ಇದೆ. ಸಮಾನತೆಯ ಹೆಸರಿನಲ್ಲಿ ಪುಕ್ಕಟೆಯದನ್ನು ಬೇಡವೆಂದ ನಮ್ಮ ಮೇಲೆ, ಸರ್ಕಾರದ ಮೇಲೆ, ಆ ಗುಡ್ಡದ ಹುಡುಗಿಯ ಋಣವಿದೆ. ನಿಯಮ ಬರೆದ ಮಾತ್ರಕ್ಕೆ ಅದು ತೀರುವುದಿಲ್ಲ. ಅವಳೂರಿಗೆ ದಾರಿಯೂ ಆಗಬೇಕು.

ದಾಂಡೇಲಿಯಲ್ಲಿ ಇಳಿಯುವಾಗ ಅವಳು ನಂಬರೇನೋ ಕೊಟ್ಟಳು. "ಸಂಜಿಗೆ ಮಾಡಬ್ಯಾಡ್ರಿ ಅಕ್ಕಾ, ಸಂಜಿಗೆ ನಾ ಮನ್ಯಾಗ ಇರ್ತೇನಿ" ಎಂದಳು.