ಕಲಿಸಲು ಕಲಿಯುವ ಖರ್ಚು ಯಾರದು?

ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸಬೇಕಾದರೆ ನಮ್ಮಲ್ಲಿ ಡಿ.ಎಲ್.ಎಡ್. ಆಗಿರಬೇಕು. ಹೈಸ್ಕೂಲಿನಲ್ಲಿ ಪಾಠ ಮಾಡಲು ಬಿ.ಎಡ್. ಬೇಕು. ಅದೇ ಮಕ್ಕಳು ಹದಿನೆಂಟು ತುಂಬಿ ಬಿ.ಎ. ತರಗತಿಗೆ ಬಂದು ಕೂತಾಗ, ಅವರೆದುರು ನಿಲ್ಲುವವರು ಪಾಠ ಮಾಡುವುದನ್ನು ಕಲಿತಿರಬೇಕೆಂಬ ಷರತ್ತೇ ಇಲ್ಲ. ಸ್ನಾತಕೋತ್ತರ ಪದವಿ, ಅದರ ಮೇಲೆ ನೆಟ್ ಅಥವಾ ಕೆ-ಸೆಟ್ ಇದ್ದರೆ ಅರ್ಹತೆ ಸಿಕ್ಕಂತೆ. ನೆಟ್‌ನ ಮೊದಲ ಪತ್ರಿಕೆಯಲ್ಲಿ ಬೋಧನೆಯ ಬಗ್ಗೆ ಪ್ರಶ್ನೆಗಳಿರುತ್ತವೆ, ನಿಜ. ಆದರೆ ಅವೆಲ್ಲ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳು. ಈಜಿನ ಬಗ್ಗೆ ಪ್ರಶ್ನೆಪತ್ರಿಕೆ ಕೊಟ್ಟು, ಪಾಸಾದವರನ್ನು ಹೊಳೆಗಿಳಿಸಿದ ಹಾಗೆ. ಇಳಿದವರು ಕೈಕಾಲು ಬಡಿದು ಹೇಗೋ ದಡ ಸೇರುತ್ತಾರೆ. ಅವರನ್ನು ನಂಬಿ, ಅವರ ಕೈ ಹಿಡಿದು ನೀರಿಗಿಳಿದವರ ಗತಿಯೇನು?

ಕಾಗದದ ಮೇಲೆ ಇದಕ್ಕೊಂದು ಉತ್ತರವಿದೆ. ಪಿಎಚ್.ಡಿ.ಗೆ ಸೇರುವ ಎಲ್ಲರೂ ಬೋಧನೆಯ ಕೋರ್ಸ್ ಮಾಡಬೇಕು, ತರಗತಿಯಲ್ಲಿ ಪಾಠ ಮಾಡಿದ ಅನುಭವವನ್ನೂ ಪಡೆಯಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಯಾವ ವಿಷಯದ ಸಂಶೋಧಕರೇ ಆಗಲಿ ತಮ್ಮ ವಿಷಯವನ್ನು ಕಲಿಸುವ ತರಬೇತಿ ಪಡೆಯಬೇಕು, ವಾರಕ್ಕೆ 4ರಿಂದ 6 ಗಂಟೆಗಳ ಬೋಧನಾ ಸಹಾಯಕ ಕೆಲಸವನ್ನೂ ಅವರಿಗೆ ವಹಿಸಬಹುದು ಎಂದು ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿಯೂ ಹೇಳುತ್ತದೆ. ನಿಯಮ ಒಳ್ಳೆಯದೇ. ಆದರೆ ಒಂದು ಕಾರ್ಯಾಗಾರ, ಒಂದು ಪ್ರಮಾಣಪತ್ರ, ಒಂದು ಸಹಿಯಲ್ಲಿ ಅದರ ಪಾಲನೆ ಮುಗಿದುಬಿಡಬಹುದು. ವಾರಕ್ಕೆ ಆರು ಗಂಟೆ ಎಂಬುದು ಮೇಷ್ಟ್ರು ಊರಲ್ಲಿಲ್ಲದ ದಿನ ಅವರ ತರಗತಿ ತೆಗೆದುಕೊಳ್ಳುವ ಬಿಟ್ಟಿ ಚಾಕರಿಯೂ ಆಗಬಹುದು. ಬರೀ ಪಾಠ ಮಾಡಿಸಿದರೆ ಅದು ದುಡಿಮೆ. ಆ ಪಾಠವನ್ನು ಯಾರಾದರೂ ಕೂತು ನೋಡಿ, ಆಮೇಲೆ ಮಾತಾಡಿದರಷ್ಟೇ ತರಬೇತಿ.

ಇಂಥ ತರಬೇತಿಯ ಮಾತೆತ್ತಿದರೆ ಕಲಾ ವಿಭಾಗಗಳಲ್ಲಿ ಒಂದು ಬಗೆಯ ತಾತ್ಸಾರವಿದೆ. ಒಳ್ಳೆಯ ಮೇಷ್ಟ್ರು ಹುಟ್ಟುತ್ತಾರೆಯೇ ಹೊರತು ತಯಾರಾಗುವುದಿಲ್ಲ ಎನ್ನುತ್ತಾರೆ. ಸಾಹಿತ್ಯ, ಇತಿಹಾಸ, ತತ್ವಶಾಸ್ತ್ರಗಳನ್ನು ಆಳವಾಗಿ ಓದಿಕೊಂಡವನಿಗೆ ಕಲಿಸುವುದು ತಾನಾಗಿ ಒದಗಿಬರುತ್ತದೆ, ಪಾಠಯೋಜನೆ ಬರೆಯುವುದೇನಿದ್ದರೂ ಬಿ.ಎಡ್. ಕಾಲೇಜಿನವರಿಗೆ ಎಂಬ ನಂಬಿಕೆ. ಈ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಯಾವ ವಿಷಯಕ್ಕೂ ಒಗ್ಗುವ ಸಿದ್ಧ ಅಚ್ಚಿನಲ್ಲಿ ವಚನವನ್ನೂ ವಾಣಿಜ್ಯವನ್ನೂ ಎರಕ ಹೊಯ್ದರೆ ಎರಡೂ ಕೆಡುತ್ತವೆ. ಆದರೆ ವಿಷಯ ಬಲ್ಲವನಿಗೆ ಕಲಿಸಲೂ ಬರುತ್ತದೆ ಎನ್ನುವಲ್ಲಿ ಒಂದು ತಪ್ಪಿದೆ. ಅಮೆರಿಕದ ಶಿಕ್ಷಣ ತಜ್ಞ ಲೀ ಶುಲ್ಮನ್ 1986ರಲ್ಲಿ ಅದನ್ನು ಸ್ಪಷ್ಟವಾಗಿ ಗುರುತಿಸಿದರು. ವಿಷಯಜ್ಞಾನ ಒಂದು, ಬೋಧನಾ ವಿಧಾನದ ಜ್ಞಾನ ಇನ್ನೊಂದು. ಇವೆರಡರ ನಡುವೆ ಮೂರನೆಯದೊಂದಿದೆ: ಈ ವಿಷಯದಲ್ಲಿ ಕಲಿಯುವವರು ಎಲ್ಲಿ ಎಡವುತ್ತಾರೆ, ಯಾವ ಉದಾಹರಣೆ ಹಿಡಿದರೆ ಏಳುತ್ತಾರೆ ಎಂಬ ತಿಳಿವಳಿಕೆ.

ನನ್ನ ವಿಷಯವಾದ ಹಳಗನ್ನಡದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಮೊದಲ ವರ್ಷದ ವಿದ್ಯಾರ್ಥಿ ಪಂಪನ ಪದ್ಯವನ್ನು ನೋಡಿ ಇದು ಕನ್ನಡವೇ ಅಲ್ಲ ಎಂದುಕೊಳ್ಳುತ್ತಾನೆ. ಛಂದಸ್ಸು, ಅಲಂಕಾರ, ಆಶ್ರಯದಾತ ಅರಿಕೇಸರಿ ಎಲ್ಲವನ್ನೂ ಬಲ್ಲ ಸಂಶೋಧಕ ಅಲ್ಲಿಂದಲೇ ಪಾಠ ಶುರುಮಾಡುತ್ತಾನೆ. ಹುಡುಗ ಎಡವಿರುವುದು ಅದಕ್ಕಿಂತ ಬಹಳ ಹಿಂದೆ, ಮೊದಲ ಪದದಲ್ಲೇ. ಹೊಸಗನ್ನಡದ ಎಷ್ಟೋ ಮಾತುಗಳ ಮೊದಲಿನ ‘ಹ’ಕಾರ ಹಿಂದೆ ‘ಪ’ಕಾರವಾಗಿತ್ತು ಎಂಬ ಒಂದು ಸಂಗತಿಯನ್ನು ಹಲಗೆಯ ಮೇಲೆ ಬರೆದು ಪಾಲ್–ಹಾಲು, ಪಲ್–ಹಲ್ಲು, ಪೋಗು–ಹೋಗು ಎಂದು ಮೂರು ಜೋಡಿ ಕೊಟ್ಟರೆ, ನಾಲ್ಕನೆಯ ‘ಪಾವು’ ಹಾವು ಎಂದು ತರಗತಿಯೇ ಹೇಳುತ್ತದೆ. ಅಲ್ಲಿ ತುಳು ಮನೆಮಾತಿನ ಹುಡುಗಿಯೊಬ್ಬಳಿದ್ದರೆ ಇನ್ನೂ ಚೆನ್ನ. ಅವಳ ಮನೆಯಲ್ಲಿ ಹೂ ಇವತ್ತಿಗೂ ‘ಪೂ’, ಹುಲಿ ‘ಪಿಲಿ’. ಕನ್ನಡ ತರಗತಿಯಲ್ಲಿ ತನ್ನ ಮಾತಿಗೆ ಬೆಲೆಯಿಲ್ಲ ಎಂದುಕೊಂಡಿದ್ದವಳು ಆ ಹೊತ್ತಿಗೆ ಎಲ್ಲರಿಗಿಂತ ಮುಂದೆ. ಪ ಹ ಆಗುವುದು ಎಂ.ಎ. ಓದಿದ ಎಲ್ಲರಿಗೂ ಗೊತ್ತು. ಪಾಠವನ್ನು ಅಲ್ಲಿಂದ ಆರಂಭಿಸಬೇಕೆಂಬುದು ಎಂ.ಎ.ಯಲ್ಲಿ ಸಿಗುವ ತಿಳಿವಳಿಕೆಯಲ್ಲ. ತರಗತಿಗಳನ್ನು ನೋಡಿ, ವಿದ್ಯಾರ್ಥಿಗಳು ಬರೆದದ್ದನ್ನು ಓದಿ, ಪಳಗಿದವರ ಜೊತೆ ಕೂತು ಗಳಿಸಬೇಕಾದದ್ದು.

ಗಳಿಸದಿದ್ದರೆ ಏನು ನಷ್ಟ? ಕಲಾ ವಿಷಯಗಳಲ್ಲಿ ಇದಕ್ಕೆ ಉತ್ತರ ಹೇಳುವುದೇ ಕಷ್ಟ, ಏಕೆಂದರೆ ನಷ್ಟ ಕಣ್ಣಿಗೆ ಕಾಣುವುದಿಲ್ಲ. ಪ್ರಯೋಗಾಲಯದಲ್ಲಿ ತಪ್ಪಿದರೆ ಗಾಜು ಒಡೆಯುತ್ತದೆ. ಕವಿತೆಯ ಪಾಠ ಕೆಟ್ಟರೆ ಗಂಟೆ ಹೊಡೆಯುತ್ತದೆ, ಎಲ್ಲರೂ ಎದ್ದು ಹೋಗುತ್ತಾರೆ. ನೋಟ್ಸ್ ಬರೆಸಿದರೆ ಮಕ್ಕಳು ಪಾಸೂ ಆಗುತ್ತಾರೆ. ಆದರೆ ‘ಇದು ನನ್ನ ತಲೆಗೆ ಹತ್ತುವುದಲ್ಲ’ ಎಂಬ ತೀರ್ಮಾನವೊಂದನ್ನು ಅವರು ಹೊತ್ತುಕೊಂಡು ಹೋಗಿರುತ್ತಾರೆ. ಪಾಠ ಸರಿಯಾಗಲಿಲ್ಲ ಎಂದು ಅವರಿಗೆ ಹೊಳೆಯುವುದಿಲ್ಲ. ತಮ್ಮಲ್ಲೇ ಏನೋ ಕೊರತೆ ಎಂದುಕೊಳ್ಳುತ್ತಾರೆ. ಬೋಧಕನ ಕೊರತೆಯನ್ನು ವಿದ್ಯಾರ್ಥಿ ತನ್ನ ಖಾತೆಗೆ ಬರೆದುಕೊಳ್ಳುವ ಈ ಲೆಕ್ಕವೇ ನನ್ನನ್ನು ಹೆಚ್ಚು ಕಾಡುವುದು.

ಕಲಿಯುವವನು ಯಾರ ಮೇಲಾದರೂ ಕಲಿಯಲೇಬೇಕಲ್ಲ ಎನ್ನಬಹುದು. ಹೌದು, ಖರ್ಚಿಲ್ಲದ ಕಲಿಕೆ ಇಲ್ಲ. ಹಾಗಿದ್ದರೆ ಆ ಖರ್ಚು ಯಾರ ಪಾಲಿಗೆ ಬೀಳುತ್ತಿದೆ ಎಂದಾದರೂ ನೋಡಬೇಕು. ನನ್ನಂಥ ಸಂಶೋಧಕರಲ್ಲಿ ಅನೇಕರು ಮೊದಲು ತರಗತಿಗೆ ಕಾಲಿಡುವುದು ತಾಲೂಕು ಕೇಂದ್ರದ ಯಾವುದೋ ಪದವಿ ಕಾಲೇಜಿಗೆ, ಅತಿಥಿ ಉಪನ್ಯಾಸಕರಾಗಿ. ಎದುರು ಕೂತವರಲ್ಲಿ ಮನೆಯಿಂದ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು ಕಡಿಮೆಯಿಲ್ಲ. ಅರ್ಥವಾಗದಿದ್ದರೆ ಮನೆಯಲ್ಲಿ ಕೇಳಲು ಅವರಿಗೆ ಯಾರೂ ಇಲ್ಲ. ಒಂದೆರಡು ವರ್ಷದಲ್ಲಿ ನಮ್ಮ ಕೈ ಪಳಗುತ್ತದೆ, ಅಷ್ಟರಲ್ಲಿ ಬೇರೆ ಊರು, ಬೇರೆ ಕೆಲಸ. ಆ ಜಾಗಕ್ಕೆ ಇನ್ನೊಬ್ಬ ಹೊಸಬ ಬರುತ್ತಾನೆ. ಬೋಧಕರು ಬದಲಾಗುತ್ತಲೇ ಇದ್ದರೂ ಆ ಬೆಂಚುಗಳಿಗೆ ಸಿಗುವುದು ಪ್ರತಿ ಸಲವೂ ಹೊಸಬನ ಮೊದಲ ವರ್ಷ. ನಮ್ಮ ಕಲಿಕೆಗೆ ಅವರು ಕೊಟ್ಟ ಸಾಲವನ್ನು ನಾವು ತೀರಿಸುವುದು ಬೇರೆ ಯಾರಿಗೋ. ಹೀಗೆ ನೋಡಿದರೆ ತರಬೇತಿಯ ಪ್ರಶ್ನೆ ನ್ಯಾಯದ ಪ್ರಶ್ನೆಯೂ ಹೌದು.

ಯಕ್ಷಗಾನ ಮೇಳಗಳಿಗೆ ಈ ಲೆಕ್ಕ ಹಿಂದೆಯೇ ತಿಳಿದಿತ್ತು. ಮೇಳ ಸೇರಿದ ಹುಡುಗನನ್ನು ಮೊದಲ ರಾತ್ರಿಯೇ ಪ್ರಸಂಗದ ಮುಖ್ಯ ವೇಷಕ್ಕೆ ರಂಗಕ್ಕೆ ಬಿಡುವುದಿಲ್ಲ. ಪೂರ್ವರಂಗದಲ್ಲಿ ಕೋಡಂಗಿ, ಆಮೇಲೆ ಬಾಲಗೋಪಾಲ, ಮುಂದೆ ಸಣ್ಣಪುಟ್ಟ ವೇಷಗಳು. ತನ್ನ ಪಾಲು ಮುಗಿದ ಮೇಲೆ ಹಿರಿಯರ ಕುಣಿತವನ್ನೂ ಅರ್ಥವನ್ನೂ ನೋಡುತ್ತ, ಕೇಳುತ್ತ ಅವನು ಬೆಳೆಯಬೇಕು. ತಪ್ಪಲು ಅವನಿಗೆ ಅವಕಾಶವಿದೆ, ಆದರೆ ಆ ತಪ್ಪಿನಿಂದ ಇಡೀ ಆಟ ಕೆಡದಷ್ಟು ಸಣ್ಣ ಜಾಗದಲ್ಲಿ.

ಕಲಾ ವಿಭಾಗಗಳಲ್ಲಿ ಇದನ್ನು ಮಾಡಲು ದೊಡ್ಡ ಖರ್ಚೇನೂ ಬೇಡ. ಸಂಶೋಧಕ ಒಂದು ಸೆಮಿಸ್ಟರ್ ಅನುಭವಿ ಅಧ್ಯಾಪಕರ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರಲಿ. ಮುಂದಿನ ಸೆಮಿಸ್ಟರಿನಲ್ಲಿ ಒಂದೇ ಪದ್ಯವನ್ನು ಎರಡು ಸೆಕ್ಷನ್ನುಗಳಿಗೆ ಪಾಠ ಮಾಡಲಿ, ಹಿಂದಿನ ಬೆಂಚಿನಲ್ಲಿ ಈಗ ಆ ಅಧ್ಯಾಪಕರು ಕೂರಲಿ. ಪಾಠ ಮುಗಿದ ಮೇಲೆ ಏನು ಅರ್ಥವಾಯಿತು ಎಂದು ವಿದ್ಯಾರ್ಥಿಗಳಿಂದ ನಾಲ್ಕು ಸಾಲು ಬರೆಸಿ ಇಬ್ಬರೂ ಓದಲಿ. ಹತ್ತು ಉತ್ತರಪತ್ರಿಕೆಗಳನ್ನು ಬೇರೆಬೇರೆಯಾಗಿ ತಿದ್ದಿ ಅಂಕಗಳನ್ನು ಹೋಲಿಸಲಿ. ಗೈಡಿನ ಮಾತನ್ನು ಒಪ್ಪವಾಗಿ ಇಳಿಸಿದವನಿಗೂ ತನ್ನದೇ ಮಾತಿನಲ್ಲಿ ತಡವರಿಸಿದವನಿಗೂ ಎಷ್ಟೆಷ್ಟು ಕೊಟ್ಟೆವು, ಯಾಕೆ ಕೊಟ್ಟೆವು ಎಂಬ ಚರ್ಚೆಯೊಂದು ಎಷ್ಟೋ ಕಾರ್ಯಾಗಾರಗಳಿಗಿಂತ ಹೆಚ್ಚು ಕಲಿಸುತ್ತದೆ. ಇದಕ್ಕೆ ಬೇಕಾದದ್ದು ಹಿರಿಯರ ಸಮಯ, ಮತ್ತು ಆ ಸಮಯವನ್ನು ಕೆಲಸ ಎಂದು ಲೆಕ್ಕ ಹಿಡಿಯುವ ವ್ಯವಸ್ಥೆ.

ನನ್ನ ಪ್ರಬಂಧದ ಒಂದೊಂದು ಅಧ್ಯಾಯವನ್ನೂ ಮಾರ್ಗದರ್ಶಕರು ತಿದ್ದುತ್ತಾರೆ. ಪ್ರತಿ ಸೆಮಿಸ್ಟರಿನಲ್ಲಿ ಸಲಹಾ ಸಮಿತಿಯೊಂದು ಪ್ರಗತಿ ಕೇಳುತ್ತದೆ. ಕೊನೆಗೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಓದುತ್ತಾರೆ, ಮೌಖಿಕ ಪರೀಕ್ಷೆ ನಡೆಯುತ್ತದೆ. ಅಡಿಟಿಪ್ಪಣಿಯಲ್ಲಿ ಇಸವಿ ತಪ್ಪಿದರೂ ಹಿಡಿಯಲು ಇಷ್ಟು ಜನ ಇದ್ದಾರೆ. ಆ ಪ್ರಬಂಧವನ್ನು ಆಮೇಲೆ ಓದುವವರು ಬೆರಳೆಣಿಕೆಯಷ್ಟು. ನಾನು ಮಾಡುವ ಪಾಠವನ್ನು ಕೇಳುವವರು ವರ್ಷಕ್ಕೆ ನೂರಾರು ಮಂದಿ, ಅಲ್ಲಿ ನಾನು ತಪ್ಪಿದರೆ ಹಿಡಿಯುವವರು ಒಬ್ಬರೂ ಇಲ್ಲ. ನಾವು ಯಾರಿಗೆ ಉತ್ತರ ಹೇಳಬೇಕಾದವರು ಎಂಬ ಪ್ರಶ್ನೆಗೆ ವಿಶ್ವವಿದ್ಯಾಲಯ ಸದ್ಯಕ್ಕೆ ಕೊಟ್ಟಿರುವ ಉತ್ತರ ಇದು. ಇದನ್ನು ಸರಿಯಾದ ಉತ್ತರ ಎಂದು ಒಪ್ಪಿಕೊಳ್ಳುವುದು ನನ್ನಿಂದಾಗದು.